ಸಾರೆಲಾ ಮನೆಯ ಫರ್ನೇಸ್

೨೦೦೭ನೆಯ ಇಸವಿ, ಜನವರಿ ೨೦, ಶನಿವಾರ. ಸಂಜೆ ನಾಲ್ಕು ಗಂಟೆ ಐವತ್ತೆರಡು ನಿಮಿಷಕ್ಕೆ ಆಲ್ಡರ್ ಹಾರ್ಬರ್ ಶೆರಿಫ್ ಠಾಣೆಗೆ ಒಂದು ಫೋನ್ ಬಂತು. ಎತ್ತಿಕೊಂಡವನು ಡೆಪ್ಯುಟಿ ಲೈಲ್ ನೊರ್ಡೀನ್. ಆಚೆಯವನು ಮೊದಲು ತನ್ನ ಹೆಸರು, ವಿಳಾಸ ಹೇಳಿ, ಬರೆದುಕೊಳ್ಳಲು ಸಮಯ ಕೊಟ್ಟು, ಆಮೇಲೆ ವಿಷಯಕ್ಕೆ ಬಂದನು.

“ಒನ್ನಿ ಸಾರೆಲಾ. ಕ್ವಾರಿ ರಸ್ತೆ, ಹನ್ನೊಂದನೇ ನಂಬರು. ಬರಕೊಂಡ್ರಾ?”

“ಬರಕೊಂಡೆ. ಹೇಳಿ.”

“ನನ್ನ ಹೆಂಡ್ತಿ ಐಲಿ ತೀರಿಕೊಂಡಿದ್ದಾಳೆ. ಕೊಂದದ್ದು ನಾನೇ. ಬನ್ನಿ.”

ಲೈಲ್ ಆ ಮಾತುಗಳನ್ನು ಹೇಳಿದ ಹಾಗೆಯೇ ಪ್ರಥಮ ವರ್ತಮಾನ ವರದಿಯಲ್ಲಿ ಬರೆದು, ಡಿಟೆಕ್ಟಿವ್ ಸಾರ್ಜೆಂಟ್ ಮಾರ್ಲಾ ಬೆಲಾಂಗರ್‌ಳಿಗೆ ತೋರಿಸಿದನು. ಇಬ್ಬರೂ ಒಂದೇ ಜೀಪಿನಲ್ಲಿ ಹೊರಟರು.

ಹೊರಗೆ ಸೊನ್ನೆಗಿಂತ ಹದಿನೇಳು ಡಿಗ್ರಿ ಕೆಳಗಿನ ಚಳಿ. ಐದು ಗಂಟೆ ಹದಿನಾಲ್ಕು ನಿಮಿಷಕ್ಕೆ ಅವರು ತಲುಪಿದಾಗ ಅಗ್ನಿಶಾಮಕದವರು ಆಗಲೇ ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಒಳಗಿನ ಗಾಳಿಯನ್ನು ಅಳೆದಿದ್ದರು. ಮನೆಯ ತುಂಬ ಕಾರ್ಬನ್ ಮಾನಾಕ್ಸೈಡ್. ಮೂಗಿಗೆ ತಿಳಿಯದ, ಕಣ್ಣಿಗೆ ಕಾಣದ ವಿಷ. ಐಲಿ ಸಾರೆಲಾ, ಎಪ್ಪತ್ತಾರು ವರ್ಷ, ಅಡುಗೆಮನೆಯಲ್ಲಿ ಒಲೆಯ ಮುಂದೆ ಮಗ್ಗುಲಾಗಿ ಬಿದ್ದಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು. ಮುಖ ಬದುಕಿರುವವರಿಗಿಂತ ಕೆಂಪಾಗಿತ್ತು. ಈ ವಿಷದಿಂದ ಸತ್ತವರು ಹಾಗೆಯೇ ಕಾಣುತ್ತಾರೆ. ಮೇಜಿನ ಮೇಲೆ ಏಲಕ್ಕಿ ಹಾಕಿ ಜಡೆಯಂತೆ ಹೆಣೆದು ಬೇಯಿಸಿದ ಏಳು ಬ್ರೆಡ್ಡುಗಳು ಬಟ್ಟೆಯಡಿಯಲ್ಲಿ ಆರುತ್ತಿದ್ದವು. ಎಂಟನೆಯದು ಒಲೆಯೊಳಗೆ ಕರಿಕಾಗಿತ್ತು. ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನ್ ಇನ್ನೂ ತಿರುಗುತ್ತಿತ್ತು. ಪಂಚನಾಮೆಯಲ್ಲಿ ಇವೆಲ್ಲವೂ ದಾಖಲಾದವು.

ಒನ್ನಿ ಸಾರೆಲಾ ಅಂಗಳದ ಹಿಮದಲ್ಲಿ ನಿಂತಿದ್ದನು. ನೀಳ ದೇಹದ ಮುದುಕ. ಬೆಳಿಗ್ಗೆ ಆರಕ್ಕೆ ಸರೋವರದ ಮಂಜುಗಡ್ಡೆಯ ಮೇಲಿನ ತನ್ನ ಮೀನು ಹಿಡಿಯುವ ಗುಡಿಸಲಿಗೆ ಹೋದವನು ಸಂಜೆ ಹಿಂತಿರುಗಿ ಹೆಂಡತಿಯನ್ನು ಕಂಡಿದ್ದನು. ಮಾರ್ಲಾ ಅವನನ್ನು ಜೀಪಿನೊಳಗೆ ಕೂರಿಸಿ ಹೀಟರ್ ಹಾಕಿದಳು.

“ನಾನೇ ಕೊಂದೆ ಅಂತ ಯಾಕಂದ್ರಿ?”

“ಮನೆ ಕಾಯಿಸೋ ಫರ್ನೇಸು ನನ್ನದು. ಮೂವತ್ತೊಂದು ವರ್ಷದಿಂದ ಅದಕ್ಕೆ ಬೇರೆಯವರ ಕೈ ಸೋಕಿಲ್ಲ. ಅದು ಕೊಂದಿದೆ ಅಂದ್ರೆ ನಾನು ಕೊಂದ ಹಾಗೆ. ಇದರಲ್ಲಿ ಕೇಳೋಕೆ ಏನಿದೆ?”

“ನೆಲಮಾಳಿಗೆಯಲ್ಲಿ ಹಬೆಸ್ನಾನದ ಕೋಣೆ, ಸೌನಾ ಇದೆಯಲ್ಲ, ಅದರ ಕಟ್ಟಿಗೆ ಒಲೆ ಹಚ್ಚಿದ್ರಾ ಇವತ್ತು?”

“ಇಲ್ಲ. ಬುಧವಾರ, ಶನಿವಾರ ನಮ್ಮ ಸ್ನಾನ. ಇವತ್ತು ಬಂದ ಮೇಲೆ ಹಚ್ಚಬೇಕಿತ್ತು.”

“ವಿಷಗಾಳಿಗೆ ಕೂಗೋ ಅಲಾರಂ?”

“ಇದೆ. ಪ್ರತಿವರ್ಷ ಅಕ್ಟೋಬರಿನಲ್ಲಿ ಬ್ಯಾಟರಿ ಬದಲಾಯಿಸ್ತೀನಿ. ಯಾಕೆ ಕೂಗಲಿಲ್ಲವೋ ಗೊತ್ತಿಲ್ಲ.” ಸ್ವಲ್ಪ ತಡೆದು, “ಬೇಡಿ ಹಾಕಲ್ವಾ?” ಎಂದನು.

“ಇನ್ನೂ ಇಲ್ಲ ಯಜಮಾನ್ರೇ.”

“ಮತ್ತೆ ಯಾವಾಗ?”

ಮಾರ್ಲಾ ಹೀಟರನ್ನು ಇನ್ನಷ್ಟು ಏರಿಸಿದಳು. ಅಂದಿನ ರಾತ್ರಿಯಿಂದ ಅವನನ್ನು ಲೂಥರನ್ ಚರ್ಚಿನ ಪಾದ್ರಿಯ ಮನೆಯಲ್ಲಿ ಇರಿಸಲಾಯಿತು.

ಮರುದಿನ ಭಾನುವಾರ ಒನ್ನಿಯ ಎಂಬತ್ತನೆಯ ಹುಟ್ಟುಹಬ್ಬ. ಪ್ರಾರ್ಥನೆಯ ನಂತರ ಚರ್ಚಿನ ಸಭಾಮಂದಿರದಲ್ಲಿ ಊರಿಗೆಲ್ಲ ಕಾಫಿ ಎಂದು ಐಲಿ ಒಂದು ತಿಂಗಳಿಂದ ಹೇಳಿಕೊಂಡು ಬಂದಿದ್ದಳು. ಜನ ಬಂದರು, ಬಂದವರಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಸಮವಸ್ತ್ರವಿಲ್ಲದೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಲೈಲ್‌ನ ಕಿವಿಗೆ ಅವರ ಮಾತು ಬಿತ್ತು.

“ಅವನ ಮನೇಗೆ ನಲ್ಲಿಯವನು ಹೋಗಿಲ್ಲ, ಕರೆಂಟಿನವನು ಹೋಗಿಲ್ಲ. ಎಲ್ಲಾ ತಾನೇ ಆಗ್ಬೇಕು.”

“ಈಗ ಶವಪೆಟ್ಟಿಗೇನೂ ತಾನೇ ಹೊಡೀತಾನೇನೋ.”

“ಬಾಯ್ ಮುಚ್ಚೋ, ಪಾದ್ರಿಗಳು ಬಂದ್ರು.”

ಹೀಗೆ ಆಡಿಕೊಂಡವರಲ್ಲಿ ಅರ್ಧ ಜನ ಶಾಲೆಯಲ್ಲಿ ಓದುವಾಗ ಅವನ ಕೈಯಿಂದ ಬೆಚ್ಚಗೆ ಇದ್ದವರು. ಮೂವತ್ತನಾಲ್ಕು ವರ್ಷ ಆ ಶಾಲೆಯ ಬಾಯ್ಲರ್ ನೋಡಿಕೊಂಡವನು ಒನ್ನಿ.

ಜನವರಿ ೨೨, ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ರಾಜ್ಯದ ಪರಿವೀಕ್ಷಕ ಕಾರ್ವರ್ ಪಂಚರ ಸಮಕ್ಷಮದಲ್ಲಿ ಫರ್ನೇಸನ್ನು ಬಿಚ್ಚಿದನು. ಅದರ ತಗಡಿನ ಪಕ್ಕಕ್ಕೆ ಪೆನ್ಸಿಲಿನಲ್ಲಿ ಬರೆದ ತಾರೀಖುಗಳ ಸಾಲು ಇತ್ತು: ೧೯೭೫ರ ಅಕ್ಟೋಬರಿನಿಂದ ಹಿಡಿದು ಪ್ರತಿ ವರ್ಷ ಫಿಲ್ಟರ್ ಬದಲಿಸಿದ್ದು, ಬರ್ನರ್ ಉಜ್ಜಿದ್ದು, ಮೋಟಾರಿಗೆ ಎಣ್ಣೆ ಬಿಟ್ಟದ್ದು. ಕೊನೆಯ ಎರಡು ವರ್ಷಗಳ ಅಕ್ಷರ ನಡುಗಿತ್ತು.

ಕಾರ್ವರ್ ಒಳಗೆ ಕನ್ನಡಿ ಇಳಿಸಿ ಬಹಳ ಹೊತ್ತು ನೋಡಿದನು.

“ಬೆಂಕಿ ಉರಿಯೋ ಲೋಹದ ಗೂಡು ಸೀಳಿದೆ. ಕೈಯಗಲ ಸೀಳು. ಹೊರಗಿಂದ ಎಷ್ಟು ಉಜ್ಜಿದ್ರೂ ಕಾಣಲ್ಲ. ಹೊಗೆ ಚಿಮಣಿಗೆ ಹೋಗೋ ಬದಲು ಮನೆಗೆ ಹೋಗೋ ಗಾಳಿಗೆ ಸೇರಿದೆ.”

“ಶನಿವಾರವೇ ಯಾಕೆ ಸತ್ತಳು?” ಎಂದು ಮಾರ್ಲಾ ಕೇಳಿದಳು.

“ಅಡುಗೆಮನೆ ಫ್ಯಾನು ಎಷ್ಟು ಹೊತ್ತು ಓಡಿದೆ?”

“ಬೆಳಿಗ್ಗೆಯಿಂದ ಇರಬೇಕು. ಎಂಟು ಬ್ರೆಡ್ಡು.”

“ಅದೇ ಮತ್ತೆ. ಚಳಿಗೆ ಕೆಳಗಿನ ಬಾಗಿಲು ಕಿಟಕಿ ಎಲ್ಲಾ ಬಿಗಿ. ಫ್ಯಾನು ಗಾಳಿನ ಹೊರಗೆ ತಳ್ತಾ ಇದ್ರೆ ಮನೆ ಎಲ್ಲಿಂದ ಉಸಿರೆಳೀಬೇಕು? ಚಿಮಣಿಯಿಂದ. ಹೊಗೆ ಎಲ್ಲಾ ವಾಪಸ್ಸು.”

ಅಲಾರಂ ಮೆಟ್ಟಿಲ ಬಳಿ ಗೋಡೆಗೆ ನೇತಾಡುತ್ತಿತ್ತು. ಕಾರ್ವರ್ ಅದನ್ನು ತಿರುಗಿಸಿ ಹಿಂದಿನ ಅಕ್ಷರ ಓದಿದನು. “ಬ್ಯಾಟರಿ ಹೊಸದು. ವಿಷಗಾಳಿ ಹಿಡಿಯೋ ಒಳಗಿನ ಮೂಗು ಸತ್ತು ಐದು ವರ್ಷ ಆಗಿದೆ. ಪೆಟ್ಟಿಗೇನೇ ಬದಲಾಯಿಸಬೇಕು ಅಂತ ಯಜಮಾನನಿಗೆ ಗೊತ್ತಿರಲಿಲ್ಲ. ಸ್ವಂತ ಕೈಕೆಲಸದವರು ಎಡವೋದು ಇಂಥಲ್ಲೇ.”

ಲೈಲ್ ನಿಟ್ಟುಸಿರುಬಿಟ್ಟನು. ಮುದುಕ ಹೇಳಿದ್ದೇ ನಿಜವಾಯಿತೆಂದು ಅವನಿಗೆ ಅನ್ನಿಸಿತು. ಆದರೆ ಕಾರ್ವರ್ ಚಿಮಣಿಗೆ ಹೋಗುವ ಕೊಳವೆಯ ಹಿಂದೆ ಟಾರ್ಚ್ ಹಿಡಿದು ಸುಮ್ಮನೆ ನಿಂತಿದ್ದನು. ಕೊಳವೆಯ ಗೋಡೆ ಕಡೆಯ ಮೈಗೆ ಬೆಳ್ಳಿಯ ಬಣ್ಣದ ಟೇಪಿನ ತುಂಡು ಅಂಟಿತ್ತು. ಅದನ್ನು ಕಿತ್ತಾಗ ಕಿರುಬೆರಳು ತೂರುವಷ್ಟು ದುಂಡನೆಯ ತೂತು ಕಂಡಿತು. ಅಂಚು ಹೊಳೆಯುತ್ತಿತ್ತು.

“ಸಾರ್ಜೆಂಟ್, ಇದು ಮನೆಯವರು ಕೊರೆಯೋ ತೂತಲ್ಲ. ಹೊಗೆ ಅಳೆಯೋ ಯಂತ್ರದ ಕಡ್ಡಿ ಒಳಗೆ ಬಿಡೋಕೆ ಕಸುಬಿನವರು ಕೊರೀತಾರೆ. ಆ ಯಂತ್ರ ಇಲ್ಲದವನಿಗೆ ಈ ತೂತು ಯಾತಕ್ಕೆ?”

ನೆಲದ ಮೇಲೆ, ಕೊಳವೆಯ ನೇರ ಕೆಳಗೆ, ಸುರುಳಿ ಸುತ್ತಿಕೊಂಡ ಲೋಹದ ಪುಡಿ ಇತ್ತು. ಮಾರ್ಲಾ ಅದನ್ನು ಲಕೋಟೆಗೆ ಹಾಕಿ ಮೊಹರು ಮಾಡಿದಳು.

ಹನ್ನೊಂದು ಗಂಟೆಗೆ ಪಾದ್ರಿಯ ಮನೆಯಲ್ಲಿ ಒನ್ನಿಯ ಎರಡನೆಯ ಹೇಳಿಕೆ.

“ನೆಲಮಾಳಿಗೆ ಯಾವಾಗ ಗುಡಿಸ್ತೀರಿ?”

“ಬುಧವಾರ, ಶನಿವಾರ. ಸೌನಾ ಆದ ಮೇಲೆ. ಕಟ್ಟಿಗೆ ಚೂರು ಬಿದ್ದಿರುತ್ತಲ್ಲ.”

“ಕೊಳವೆ ಹಿಂದೆಯೂ?”

“ಗುಡಿಸೋದು ಅಂದ್ರೆ ಪೂರ್ತಿ ಗುಡಿಸೋದು.”

“ಬುಧವಾರದಿಂದ ಶನಿವಾರದೊಳಗೆ ನೀವು ಮನೆ ಬಿಟ್ಟು ಹೋಗಿದ್ರಾ?”

“ಗುರುವಾರ ಒಂಬತ್ತರಿಂದ ಎರಡರವರೆಗೆ ಆಸ್ಪತ್ರೆಯಲ್ಲಿದ್ದೆ. ಈ ಕೈ ನಡುಕಕ್ಕೆ. ಯಾಕೆ?”

“ಆಮೇಲೆ ಮನೇಲಿ ಏನಾದ್ರೂ ಬೇರೆ ಥರ ಕಾಣ್ತಾ?”

ಒನ್ನಿ ಯೋಚಿಸಿದನು. “ಗುರುವಾರ, ಶುಕ್ರವಾರ ಇಬ್ಬರಿಗೂ ತಲೆನೋವು. ಶೀತ ಅಂದುಕೊಂಡ್ವಿ. ಮತ್ತೆ ಐಲಿ ಎರಡು ರಾತ್ರೀನೂ ಮಲಗೋ ಕೋಣೆ ಕಿಟಕಿ ತೆಗೆದಿಟ್ಟಳು. ಇಂಥ ಚಳೀಲಿ. ‘ಬೀದಿ ಕಾಯಿಸ್ತಿದೀಯೇನೇ’ ಅಂದೆ. ಸೆಕೆ ಅಂದಳು.”

ಮಾರ್ಲಾ ಪೆನ್ನನ್ನು ಕೆಳಗಿಟ್ಟಳು. ವಿಷಗಾಳಿಯ ವಿಷಯ ಐಲಿಗೆ ಗೊತ್ತಿತ್ತು ಎಂದು ಅವಳಿಗೆ ಆಗಲೇ ಹೊಳೆಯಿತು.

“ಬೇಡಿ?” ಎಂದನು ಒನ್ನಿ.

“ಇನ್ನೂ ಇಲ್ಲ.”

ಮಂಗಳವಾರ ಟೆಲಿಫೋನ್ ದಾಖಲೆ ಬಂತು. ಜನವರಿ ೧೬ರಂದು ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಸಾರೆಲಾ ಮನೆಯಿಂದ ಗಾರ್ತ್ ಟ್ರೆಂಬಾತ್‌ನ ಅಂಗಡಿಗೆ ನಾಲ್ಕು ನಿಮಿಷದ ಕರೆ ಹೋಗಿತ್ತು. ಗಾರ್ತ್ ಊರಿನ ಫರ್ನೇಸ್ ಮೆಕ್ಯಾನಿಕ್. ಐವತ್ತೆರಡು ವರ್ಷ, ಒಬ್ಬನದೇ ಅಂಗಡಿ, ಇಪ್ಪತ್ತೆಂಟು ವರ್ಷದ ಪರವಾನಗಿ. ಅವನ ಮೇಲೆ ಒಂದು ದೂರೂ ಇರಲಿಲ್ಲ. ಮಧ್ಯಾಹ್ನ ಒಂದೂವರೆಗೆ ಮಾರ್ಲಾ, ಲೈಲ್ ಅಲ್ಲಿಗೆ ಹೋದರು.

“ಐಲಿ ಸಾರೆಲಾ ನಿಮಗೆ ಫೋನ್ ಮಾಡಿದ್ರು.”

“ಹೌದು. ಹುಟ್ಟುಹಬ್ಬದ ಕಾಫಿಗೆ ಕರೆಯೋಕೆ.”

“ನಾಲ್ಕು ನಿಮಿಷ?”

“ಹೆಂಗಸರು ಕರೆದ್ರೆ ನಾಲ್ಕು ನಿಮಿಷ ಕಮ್ಮೀನೇ ಮೇಡಂ.”

“ಮನೆಗೆ ಹೋಗಿದ್ರಾ?”

“ಆ ಮನೆಗೆ? ಒನ್ನಿಯವರ ಫರ್ನೇಸು ನೋಡೋಕೆ? ಪೋಪಿಗೆ ಪ್ರಾರ್ಥನೆ ಕಲಿಸೋಕೆ ಹೋದಂಗೆ.” ಅವನು ನಕ್ಕನು. ನಗು ತುಟಿಯಲ್ಲೇ ನಿಂತಿತು.

ಲೈಲ್ ಮೇಜಿನ ಮೇಲಿದ್ದ ಕೆಂಪು ಚೀಟಿಗಳ ಪುಸ್ತಕವನ್ನು ಮಗುಚುತ್ತಿದ್ದನು. ಅಪಾಯವಿರುವ ಫರ್ನೇಸ್ ಕಂಡರೆ ಮೆಕ್ಯಾನಿಕ್ ಗ್ಯಾಸ್ ನಿಲ್ಲಿಸಿ, ಹೀಗೊಂದು ಕೆಂಪು ಚೀಟಿಯನ್ನು ಅದಕ್ಕೆ ಕಟ್ಟಿ ಸಹಿ ಹಾಕಬೇಕು. ಅದರ ಅರ್ಧ ಪುಸ್ತಕದಲ್ಲೇ ಉಳಿಯಬೇಕು. ದುರಸ್ತಿಯಾಗುವವರೆಗೆ ಫರ್ನೇಸ್ ಹಚ್ಚುವಂತಿಲ್ಲ. ಆ ಊರಿನಲ್ಲಿ ಕೆಂಪು ಚೀಟಿ ಬಿದ್ದ ಮನೆಯ ಸುದ್ದಿ ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಇರುತ್ತದೆ.

“ನಾಲ್ಕುನೂರ ಹದಿನೇಳರ ಅರ್ಧ ಇದೆ. ಆಮೇಲೆ ನೇರ ನಾಲ್ಕುನೂರ ಹತ್ತೊಂಬತ್ತು. ಹದಿನೆಂಟು ಎಲ್ಲಿ?” ಎಂದನು ಲೈಲ್.

“ಕಾಫಿ ಚೆಲ್ಲಿತು. ಹರಿದು ಬಿಸಾಕಿದೆ.”

“ಹದಿನೇಳಕ್ಕೂ ಕಲೆ ಇಲ್ಲ, ಹತ್ತೊಂಬತ್ತಕ್ಕೂ ಇಲ್ಲ. ಭಾರಿ ಮರ್ಯಾದಸ್ಥ ಕಾಫಿ ನಿಮ್ಮದು.”

ಮಾರ್ಲಾ ಪುಸ್ತಕವನ್ನು ವಶಕ್ಕೆ ತೆಗೆದುಕೊಂಡು ರಸೀದಿ ಕೊಟ್ಟಳು.

ಜೀಪಿನಲ್ಲಿ ಲೈಲ್ ಕೇಳಿದನು: “ಅರೆಸ್ಟ್ ಮಾಡಲ್ವಾ ಮೇಡಂ?”

“ಯಾವ ಆಧಾರದ ಮೇಲೆ? ಒಂದು ಚೀಟಿ ಕಾಣೆಯಾಗಿದೆ ಅಂತಾನಾ? ಅವನು ಚೀಟಿ ಬರೆದಿದ್ರೆ ಅದು ಎಲ್ಲೋ ಇರಬೇಕು. ಫರ್ನೇಸಿಗೆ ಕಟ್ಟಿಲ್ಲ. ಅಂದ್ರೆ ಅವಳ ಕೈಗೆ ಕೊಟ್ಟಿರಬೇಕು. ಗಂಡನ ಕಣ್ಣಿಗೆ ಬೀಳದ ಹಾಗೆ ಅವಳು ಎಲ್ಲಿಟ್ಟಿರ್ತಾಳೆ?”

“ನಮ್ಮಮ್ಮ ವ್ಯಾಕ್ಯೂಮ್ ಕ್ಲೀನರ್ ಚೀಲದಲ್ಲಿ ಇಡ್ತಿದ್ದಳು. ನಮ್ಮಪ್ಪ ಅದನ್ನ ಜನ್ಮದಲ್ಲಿ ಮುಟ್ಟಿದವನಲ್ಲ.”

“ಈ ಮುದುಕ ಅದನ್ನೂ ಬಿಚ್ಚಿ ಜೋಡಿಸಿರ್ತಾನೆ. ಅವನು ಮುಟ್ಟದೇ ಇರೋದು ಏನಿದೆ ಆ ಮನೇಲಿ?”

ಅದನ್ನು ಅವನನ್ನೇ ಕೇಳಿದರು. ಒನ್ನಿಗೆ ಪ್ರಶ್ನೆ ಅರ್ಥವಾಗಲು ಸಮಯ ಹಿಡಿಯಿತು. ಹೊಲಿಗೆ ಯಂತ್ರ ತಾನೇ ರಿಪೇರಿ ಮಾಡುತ್ತಿದ್ದೆ, ಹಿಟ್ಟಿನ ಡಬ್ಬಿಗೆ ಹೊಸ ಹಿಡಿ ಹಾಕಿದ್ದೆ, ಅವಳ ಪರ್ಸಿನ ಕೊಂಡಿಯನ್ನೂ ಸರಿಮಾಡಿದ್ದೆ ಎಂದನು. ಕೊನೆಗೆ, “ಅವಳ ಹಾಡಿನ ಪುಸ್ತಕ. ಚರ್ಚಿನದು. ನನಗೆ ರಾಗ ಬರಲ್ಲ. ಅದನ್ನ ಮುಟ್ಟಲ್ಲ,” ಎಂದನು.

ಅದೇ ದಿನ ಸಂಜೆ ನಾಲ್ಕಕ್ಕೆ, ಪಾದ್ರಿ ಮತ್ತು ನೆರೆಮನೆಯವಳ ಸಮಕ್ಷಮದಲ್ಲಿ ಎರಡನೆಯ ಪಂಚನಾಮೆ ನಡೆಯಿತು. ಮಲಗುವ ಕೋಣೆಯ ಕಪಾಟಿನಲ್ಲಿದ್ದ ಹಾಡಿನ ಪುಸ್ತಕದಲ್ಲಿ, ಭಾನುವಾರ ಹಾಡಬೇಕಾಗಿದ್ದ ಸ್ತುತಿಗೀತೆಯ ಪುಟಗಳ ನಡುವೆ ಕೆಂಪು ಚೀಟಿ ಇತ್ತು. ನಂಬರು ೪೧೮. ತಾರೀಖು ಜನವರಿ ೧೮. ‘ಗೂಡು ಸೀಳಿದೆ. ಬಳಸತಕ್ಕದ್ದಲ್ಲ.’ ಕೆಳಗೆ ಗಾರ್ತ್ ಟ್ರೆಂಬಾತ್‌ನ ಸಹಿ. ಹಿಂಬದಿಯಲ್ಲಿ ಐಲಿಯ ಕೈಬರಹ: ‘ಸೋಮವಾರ ಒನ್ನಿಗೆ ಹೇಳಬೇಕು.’

ಪಾದ್ರಿ ಅದನ್ನು ಓದಿ, ಪಂಚನಾಮೆಗೆ ಸಹಿ ಹಾಕಿ, ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು.

ಬುಧವಾರ ಹನ್ನೊಂದಕ್ಕೆ ಶವಸಂಸ್ಕಾರ. ಮಣ್ಣು ಕಲ್ಲಾಗಿದ್ದ ಕಾಲ. ಏಪ್ರಿಲಿನವರೆಗೆ ಶವಪೆಟ್ಟಿಗೆ ಸ್ಮಶಾನದ ಕಲ್ಲುಕೋಣೆಯಲ್ಲೇ ಇರಬೇಕು. ಹೊರುವವರು ಆರು ಮಂದಿ. ಅವರ ಹೆಸರುಗಳನ್ನು ಒನ್ನಿಯೇ ಕೊಟ್ಟಿದ್ದನು. ಮೂರನೆಯ ಹೆಸರು ಗಾರ್ತ್ ಟ್ರೆಂಬಾತ್.

ಮಾರ್ಲಾಳ ಕೋಟಿನ ಜೇಬಿನಲ್ಲಿ ವಾರಂಟ್ ಇತ್ತು. ಅವಳು ಸ್ಮಶಾನದ ಗೇಟಿನ ಹೊರಗೆ ನಿಂತಿದ್ದಳು. ಪೆಟ್ಟಿಗೆ ಒಳಗೆ ಹೋಯಿತು. ಪಾದ್ರಿ ಕೊನೆಯ ಪ್ರಾರ್ಥನೆ ಹೇಳಿದರು. ಮಣ್ಣಿನಿಂದ ಬಂದವಳನ್ನು ಮಣ್ಣಿಗೆ ಒಪ್ಪಿಸುವ ಮಾತನ್ನು ಮಣ್ಣು ಬಿರಿಯುವ ದಿನಕ್ಕೆ ಬಿಟ್ಟರು. ಜನ ಚದುರಿದರು. ಗಾರ್ತ್ ಕೈಗವಸು ಕಳಚಿ ಜೇಬಿಗೆ ಹಾಕಿಕೊಂಡು ನೆಟ್ಟಗೆ ಅವಳ ಬಳಿಗೆ ಬಂದನು.

“ಚೀಟಿ ಸಿಕ್ತಾ?”

“ಸಿಕ್ತು.”

“ನಾನು ಹೊರೋವರೆಗೂ ಕಾದಿರಿ. ಅದಕ್ಕೆ ನಿಮಗೆ ಋಣಿ.”

ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ಅವನ ದಸ್ತಗಿರಿಯಾಯಿತು. ಉದ್ದೇಶವಿಲ್ಲದ ನರಹತ್ಯೆ, ಸಾಕ್ಷ್ಯನಾಶ. ಹಕ್ಕುಗಳನ್ನು ಓದಿ ಹೇಳಿದ ಮೇಲೂ ವಕೀಲ ಬೇಡವೆಂದು, ಒಂದು ಗಂಟೆ ಇಪ್ಪತ್ತಕ್ಕೆ ಹೇಳಿಕೆ ಕೊಡಲು ಕುಳಿತನು.

“ಯಾಕೆ ಕರೆದಿದ್ದರು?”

“ಒನ್ನಿಯವರ ಕೈ ನಡುಗುತ್ತೆ, ಸ್ಕ್ರೂ ಬಿದ್ದರೆ ಎತ್ತೋಕೆ ಆಗಲ್ಲ, ಆದರೂ ಬೇರೆಯವರನ್ನ ಬಿಟ್ಕೊಳ್ಳಲ್ಲ. ಅವರು ಆಸ್ಪತ್ರೆಗೆ ಹೋದಾಗ ಬಂದು ನೋಡು ಅಂದರು. ಒಂದು ಸ್ಕ್ರೂನೂ ಜಾಗ ತಪ್ಪಬಾರದು ಅಂದರು.”

“ನೋಡಿದಾಗ?”

“ನೋಡಿದ ತಕ್ಷಣ ಗ್ಯಾಸ್ ನಿಲ್ಲಿಸಿದೆ. ಚೀಟೀನೂ ಬರೆದೆ. ಕಟ್ಟೋಕೆ ಹೋದೆ. ಅಲ್ಲಿ ಅವರ ಪೆನ್ಸಿಲ್ ತಾರೀಖುಗಳು.” ಅವನು ನೀರು ಕೇಳಿ ಕುಡಿದನು. “ನಮ್ಮಪ್ಪ ಗಣೀಲಿ ಸತ್ತಾಗ ನನಗೆ ಹದಿನೈದು. ಶಾಲೆ ಬಿಡೋಕೆ ಹೊರಟಿದ್ದೆ. ಒನ್ನಿಯವರು ಬಾಯ್ಲರ್ ಕೋಣೆಗೆ ಕರ್ಕೊಂಡು ಹೋಗಿ ಕೈಗೆ ಸ್ಪ್ಯಾನರ್ ಕೊಟ್ಟರು. ನನಗೆ ಗೊತ್ತಿರೋದೆಲ್ಲ ಅವರದ್ದು. ಆ ಫರ್ನೇಸಿಗೆ ಚೀಟಿ ಕಟ್ಟೋದು ಅವರ ಕುತ್ತಿಗೆಗೆ ಕಟ್ಟಿದ ಹಾಗೆ.”

“ಐಲಿ ಏನಂದ್ರು?”

“‘ಭಾನುವಾರ ಎಂಬತ್ತು ತುಂಬುತ್ತೆ ಗಾರ್ತ್, ಊರೆಲ್ಲ ಬರುತ್ತೆ. ಸೋಮವಾರ ನಾನೇ ಹೇಳ್ತೀನಿ, ಹೊಸದು ತರಿಸೋಣ’ ಅಂದರು. ನಾಲ್ಕೇ ದಿನ ಅಂದುಕೊಂಡೆ. ಗ್ಯಾಸ್ ಮತ್ತೆ ಬಿಟ್ಟೆ. ಕೋಣೆ ಕಿಟಕಿ ತೆಗೆದು ಮಲಗಿ ಅಂದೆ.”

“ಫ್ಯಾನ್ ಹಾಕಬೇಡಿ ಅಂತ?”

ಗಾರ್ತ್ ಖಾಲಿ ಲೋಟವನ್ನು ಮೇಜಿನ ಅಂಚಿಗೆ ಸರಿಸಿದನು.

“ಕಿಟಕಿ ವಿಷಯ ಹೇಳಿದೆ. ಫ್ಯಾನ್ ವಿಷಯ ಹೇಳಲಿಲ್ಲ. ಹೊಳೀಲಿಲ್ಲ. ಬೇರೆಯವರ ಮನೆ ಆಗಿದ್ರೆ ಹೊಳೀತಿತ್ತೇನೋ. ಬೇರೆಯವರ ಮನೆ ಆಗಿದ್ರೆ ಗ್ಯಾಸೇ ಬಿಡ್ತಿರಲಿಲ್ಲ.”

“ಆಮೇಲೆ ಚೀಟಿಯ ಅರ್ಧ ಹರಿದಿರಿ. ಒನ್ನಿ ‘ನಾನೇ ಕೊಂದೆ’ ಅಂತಿದ್ದಾಗ ಸುಮ್ಮನಿದ್ರಿ.”

“ಸುಮ್ಮನಿದ್ದೆ. ಗ್ಯಾಸ್ ಬಿಟ್ಟದ್ದು ಅವರಿಗೋಸ್ಕರ. ಇದು ನನಗೋಸ್ಕರ. ಹಾಗೇ ಬರ್ಕೊಳ್ಳಿ.”

ಲೈಲ್ ಹಾಗೆಯೇ ಬರೆದನು. ಗಾರ್ತ್ ಓದಿ ಸಹಿ ಹಾಕಿದನು.

ಆರೋಪಪಟ್ಟಿಯಲ್ಲಿ ‘ಪ್ರೇರಣೆ’ ಎಂಬ ಅಂಕಣವಿದೆ. ಮಾರ್ಲಾ ಅದರಲ್ಲಿ ಮೊದಲು ‘ನಿರ್ಲಕ್ಷ್ಯ’ ಎಂದು ಬರೆದಳು. ಅನಂತರ ಅದರ ಕೆಳಗೆ ಇನ್ನೊಂದು ವಾಕ್ಯ ಸೇರಿಸಿದಳು: ‘ಆರೋಪಿಯು ತನಗೆ ಕಸುಬು ಕಲಿಸಿದವನ ಮನಸ್ಸನ್ನು ನೋಯಿಸಲಾರದೆ ನಾಲ್ಕು ದಿನದ ಅವಕಾಶ ಕೊಟ್ಟನು, ಮೃತಳು ಅದನ್ನೇ ಬೇಡಿದ್ದಳು.’

ಮೂರೂವರೆಗೆ ಅವಳು ಪಾದ್ರಿಯ ಮನೆಗೆ ಹೋದಳು. ಒನ್ನಿ ಸಂಸ್ಕಾರದ ಕರಿಕೋಟಿನಲ್ಲೇ ಕುಳಿತಿದ್ದನು. ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು. ಅಲಾರಂ ಸತ್ತಿದ್ದು ಅವನಿಗೆ ತಿಳಿಯದೆ ಹೋದದ್ದನ್ನೂ ಹೇಳಿದಳು. ಸೀಳು ಅವನ ಕೈತಪ್ಪಲ್ಲ, ಲೋಹದ ಆಯುಸ್ಸು ಮುಗಿದಿತ್ತು ಎಂದಳು. ಅವನ ಮೇಲೆ ಮೊಕದ್ದಮೆ ಇಲ್ಲ ಎಂದಳು. ಇಷ್ಟು ದಿನ ಅವನು ಹೊತ್ತಿದ್ದ ಭಾರ ಇಳಿಯಬಹುದೆಂದು ಅವಳಿಗೆ ಒಳಗೊಳಗೇ ಒಂದು ಆಸೆ ಇತ್ತು.

ಒನ್ನಿ ಚೀಟಿಯ ನಕಲನ್ನು ಎರಡೂ ಕೈಯಲ್ಲಿ ಹಿಡಿದು, ಹಿಂಬದಿಯ ಅಕ್ಷರಗಳನ್ನು ಓದಿದನು.

“ಅವಳಿಗೆ ಗೊತ್ತಿತ್ತು.”

“ಹೌದು.”

“ಗುರುವಾರದಿಂದ.”

“ಹೌದು ಯಜಮಾನ್ರೇ.”

“ನನಗೆ ಹೆದರಿದಳಾ?”

“ಹೆದರಿಕೆ ಅಲ್ಲ. ನಿಮಗೆ ನೋವಾಗಬಾರದು ಅಂತ. ಭಾನುವಾರ ಕಳೀಲಿ ಅಂತ.”

ಒನ್ನಿ ತಲೆಯಾಡಿಸಿದನು. ಒಪ್ಪಿದ್ದೋ ಒಪ್ಪದ್ದೋ ತಿಳಿಯಲಿಲ್ಲ. ಪಾದ್ರಿಯ ಹೆಂಡತಿ ಒಳಗಿನಿಂದ ಕಾಫಿ ತಂದಳು. ಯಾರೂ ತೆಗೆದುಕೊಳ್ಳದಿದ್ದಾಗ ಮೇಜಿನ ಮೇಲಿಟ್ಟು ಹೋದಳು.

“ಹೇಳಿದ್ದಿದ್ರೆ ನಾನು ಬೈತಿದ್ದೆ,” ಎಂದನು ಒನ್ನಿ. “ಅವಳನ್ನೂ ಬೈತಿದ್ದೆ, ಗಾರ್ತ್‌ನನ್ನೂ ಬೈತಿದ್ದೆ. ಕೆಳಗೆ ಹೋಗಿ ಸಂಜೆವರೆಗೆ ಕೂತ್ಕೊಂಡು ಮಾತು ಬಿಡ್ತಿದ್ದೆ. ಅಷ್ಟೇ ಅಮ್ಮ. ಆಮೇಲೆ ಊಟಕ್ಕೆ ಕರೆದಿದ್ದರೆ ಬರ್ತಿದ್ದೆ.”